ಹೋಗಿ ಬಾ ಎನ್ನುವವಳು

ಕಳೆದ ಮಾಘದ ಒಂದು ಸೋಮವಾರ ಮಧ್ಯಾಹ್ನ ಯರಗುಪ್ಪಿಯಲ್ಲಿ ನಮ್ಮ ಚಿಕ್ಕಮ್ಮ, ಕಾಕು, ತೀರಿಕೊಂಡಳು. ಒಲೆಯ ಬಾಜು ಇದ್ದ ಅವಳ ಮೊಬೈಲಿನ ಗಾಜಿನ ಮೇಲೆ ಜೋಳದ ಹಿಟ್ಟಿನ ಬೆರಳಗುರುತು ಹಾಗೇ ಇತ್ತು. ರೊಟ್ಟಿ ಬಡಿಯುತ್ತಲೇ ಅದನ್ನೆತ್ತಿ, ಅಂಕೋಲೆಯ ಕಡಲಿನಲ್ಲಿ ಗಾಳಿ ಎಷ್ಟು, ಅಲೆ ಎಷ್ಟು ಎಂದು ನೋಡುವುದು ಅವಳ ದಿನದ ರೂಢಿ. ಯರಗುಪ್ಪಿಯಿಂದ ಕಡಲು ಅರ್ಧ ದಿನದ ಬಸ್ಸಿನ ದಾರಿ. ಮನೆಯ ಸುತ್ತ ಕಣ್ಣು ಹರಿಯುವಷ್ಟು ದೂರ ಎರೆಹೊಲ.

ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದ ಕಾಕಾ ಅಂಕೋಲೆಗೆ ರಾತ್ರಿ ಅಲ್ಲೇ ತಂಗುವ ವಸ್ತಿ ಬಸ್ಸು ಒಯ್ಯುತ್ತಿದ್ದಾಗ ಅವಳನ್ನು ಕಂಡು, ಮದುವೆಯಾಗಿ ಕರೆತಂದಿದ್ದ. ಮೀನು ಬಿಡಲು ಅವಳಿಗೆ ಒಂದು ವರ್ಷ ಹಿಡಿಯಿತಂತೆ. ಅವಳನ್ನು ಒಪ್ಪಲು ನಮ್ಮ ಮನೆಯವರಿಗೆ ಅದಕ್ಕಿಂತ ಹೆಚ್ಚು ಹಿಡಿಯಿತು.

ತವರಿನ ಒಂದು ಪದ್ಧತಿಯನ್ನು ಮಾತ್ರ ಅವಳು ಬಿಡಲಿಲ್ಲ. ಆ ಮನೆಯಲ್ಲಿ ಹುಟ್ಟಿದ ಹಿರಿಯ ಹೆಣ್ಣುಮಗಳು ‘ಹೋಗಿ ಬಾ’ ಎನ್ನದೆ ಅವರ ಪಾತಿ ದೋಣಿ ನೀರಿಗಿಳಿಯುತ್ತಿರಲಿಲ್ಲ. ಇಬ್ಬರು ಕೂತರೆ ತುಂಬಿಹೋಗುವ ಸಣ್ಣ ದೋಣಿ ಅದು. ತಿರುಗಿ ದಡ ಮುಟ್ಟಿದವನು ಮೊದಲು ಅವಳಿಗೇ ‘ಬಂದೆ’ ಎನ್ನಬೇಕು. ಅವಳ ಸೋದರತ್ತೆ ತೀರಿದ ಮೇಲೆ ಆ ಮಾತು ಕಾಕುವಿನ ಪಾಲಿಗೆ ಬಂತು. ದೋಣಿ ನಡೆಸುತ್ತಿದ್ದವನು ಅವಳ ತಮ್ಮ. ಸೋದರತ್ತೆ ಅಂಗಳದಲ್ಲಿ ನಿಂತು ಆಕಾಶ ನೋಡಿ ಹೇಳುತ್ತಿದ್ದಳು. ‘ಇಲ್ಲಿ ನಿಂತ್ರ ಅಲ್ಲೀ ಆಕಾಶ ಕಾಣ್ತೈತೇನ?’ ಎಂದು ಕಾಕು ಕೇಳುತ್ತಿದ್ದಳು. ಹಾಗಾಗಿ ಮೊದಲು ರೇಡಿಯೋ, ಆಮೇಲೆ ಮೊಬೈಲು.

ಊರಿನ ಹೆಂಗಸರಿಗೆ ಅದೊಂದು ಮೋಜು. ನಮ್ಮ ಜೊತೆ ಅಗದಿ ಇಲ್ಲಿಯವಳಂತೆ ಮಾತಾಡುವವಳು ಫೋನು ಹಿಡಿದ ಕೂಡಲೇ ಕರಾವಳಿಯವಳಾಗುತ್ತಿದ್ದಳು. ಓಣಿಯವರು ಸುಗ್ಗಿಯಲ್ಲಿ ಅವಳನ್ನು ಹವಾಮಾನ ಕೇಳಲು ಬರುತ್ತಿದ್ದರು. ಒಮ್ಮೆ ಬಾಜು ಮನೆಯ ರೈತ ಕಟ್ಟೆಯ ಮೇಲೆ ಕೂತು ಕೇಳಿದ:

‘ಕಾಕು, ಮೆಣಸಿನಕಾಯಿ ಹರವ್ಲೇನ್ರಿ ಇವತ್ತ?’

‘ನಾ ನೋಡೂದು ಸಮುದ್ರದ ಗಾಳಿಪಾ. ನಿನ್ನ ಮೆಣಸಿನಕಾಯಿ ಏನ್ ಮುಳುಗಿ ಸಾಯ್ತಾವೇನ?’

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಕೊನೆಯಲ್ಲಿ, ಬಿರುಗಾಳಿಯ ಮುನ್ಸೂಚನೆ ಬಂತು. ಆದರೆ ಅಂಕೋಲೆಯಲ್ಲಿ ಆಕಾಶ ತಿಳಿಯಾಗಿತ್ತು. ದಡದ ದೋಣಿಗಳೆಲ್ಲ ಹೊರಟವು. ಬಂಗಡೆ ಹಿಂಡುಹಿಂಡಾಗಿ ಬಂದಿತ್ತು. ತಮ್ಮ ಮತ್ತೆ ಮತ್ತೆ ಫೋನು ಮಾಡಿದ. ಕಾಕು ‘ಹೋಗಿ ಬಾ’ ಎನ್ನಲಿಲ್ಲ. ಕೊನೆಗೆ, ‘ಬ್ಯಾಡ ತಮಾ, ನನ್ನ ಬಾಯಲ್ಲಿ ಬರೂದಿಲ್ಲ’ ಎಂದು ಫೋನು ಆರಿಸಿಟ್ಟಳು. ಗಾಳಿ ದಕ್ಷಿಣಕ್ಕೆ ಸರಿದುಹೋಯಿತು. ಹೋದವರೆಲ್ಲ ದೋಣಿ ತುಂಬಿಕೊಂಡು ಬಂದರು. ದಡದಲ್ಲಿ ಉಳಿದವನನ್ನು ಊರೆಲ್ಲ ‘ಅಕ್ಕನ ಲಂಗರು’ ಎಂದು ಕರೆಯಿತು. ಅಂದಿನಿಂದ ಅವನು ಅವಳೊಡನೆ ಮಾತು ಬಿಟ್ಟ.

ಅವಳು ನೋಡುವುದನ್ನು ಬಿಡಲಿಲ್ಲ. ದಿನಾ ಮಧ್ಯಾಹ್ನ, ಅವನು ಸಂಜೆ ದೋಣಿ ಬಿಡುವ ಮೊದಲು, ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದಳು: ಒಂದೋ ‘ಹೋಗಿ ಬಾ’, ಇಲ್ಲವೇ ‘ಇವತ್ತು ಬ್ಯಾಡ’. ಉತ್ತರ ಬರುತ್ತಿರಲಿಲ್ಲ. ಸಂಜೆಯೊಳಗೆ ಅವನು ಕೇಳಿದ್ದಾನೆಂಬ ಗುರುತು ನೀಲಿಯಾಗುತ್ತಿತ್ತು, ಅಷ್ಟೇ. ಬೇಡ ಎಂದ ದಿನ ಅವನು ಹೋದನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹೋದವನು ತಿರುಗಿ ಬಂದನೆಂಬುದಕ್ಕೂ ಮರುದಿನದ ನೀಲಿಯೊಂದೇ ಸಾಕ್ಷಿ. ಅದು ತಡವಾದ ದಿನ ಅವಳು ಉಣ್ಣುತ್ತಿರಲಿಲ್ಲ. ಪತ್ರಿಕೆಯಲ್ಲಿರುವ ನನಗೆ ಫೋನು ಮಾಡಿ, ಕರಾವಳಿಯ ಸುದ್ದಿ ಏನಾದರೂ ಇದೆಯೇ ಎಂದು ಕೇಳುತ್ತಿದ್ದಳು. ಏನೂ ಇಲ್ಲ ಎಂದರೆ, ‘ಇಲ್ಲಂದ್ರ ಚಲೋನ ಅಲ್ಲೇನ?’ ಎನ್ನುತ್ತಿದ್ದಳು. ನೀನೇ ಒಮ್ಮೆ ಅವನಿಗೆ ಫೋನು ಹಚ್ಚು ಎಂದೆ. ‘ಸಿಟ್ಟು ಅವಂದು. ಇಳಿಸ್ಕೊಳ್ಳೂದೂ ಅವನ ಕೆಲಸ’ ಎಂದಳು.

ಆ ಸೋಮವಾರ ಅವಳು ಕಳಿಸಿದ್ದು ‘ಹೋಗಿ ಬಾ’. ಗುರುತು ನೀಲಿಯಾಗುವುದನ್ನು ಅವಳು ನೋಡಲಿಲ್ಲ. ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಒರಗಿದ್ದಳು. ಸಂಜೆ ನಾವು ಸುದ್ದಿ ಹೇಳಲು ಫೋನು ಮಾಡಿದಾಗ ಅವನು ಆಗಲೇ ಕಡಲಿನಲ್ಲಿದ್ದ. ತಿಳಿದದ್ದು ಮರುದಿನ ಬೆಳಿಗ್ಗೆ ದಡಕ್ಕೆ ಬಂದ ಮೇಲೆ.

ಅವನಿಗಾಗಿ ಮಣ್ಣು ಮಾಡುವುದನ್ನು ಸಂಜೆಯವರೆಗೆ ತಡೆದೆವು. ಬಲೆಯ ವಾಸನೆಯ ಅಂಗಿಯಲ್ಲೇ ಬಂದಿದ್ದ. ಬೇಡ ಎಂದ ಒಂದು ದಿನವೂ ದೋಣಿ ಬಿಟ್ಟಿಲ್ಲ ಎಂದು ಅವನ ಜೊತೆ ಬಂದ ಹೆಂಡತಿ ನಮಗೆ ಹೇಳಿದಳು. ಅವನು ಸೀದಾ ಅವಳತ್ತ ನಡೆದ. ಕಾಕುವಿನ ತಲೆಯ ಹತ್ತಿರ ಕೂತು, ಕಿವಿಯ ಬಳಿ ಬಾಗಿ ಹೇಳಿದ:

‘ಬಂದೆ ಅಕ್ಕಾ.’

ಅವಳ ಮೊಬೈಲು ಈಗ ಅಂಕೋಲೆಯಲ್ಲಿದೆ. ಅವನ ಹಿರಿಯ ಮಗಳು ಕಾಲೇಜಿನಿಂದ ಬಂದ ಕೂಡಲೇ ಅದರಲ್ಲಿ ಗಾಳಿ ನೋಡುತ್ತಾಳೆ. ಮೊನ್ನೆ ಬಿರುಗಾಳಿಯ ಎಚ್ಚರಿಕೆ ಇತ್ತು. ದೋಣಿ ದಡದಲ್ಲೇ ಇತ್ತು.