ಮಾವನ ಎಲೆಗೆ ಹುಳಿ ಬಿಯರ್

ಇಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ದೋಸೆಹಿಟ್ಟು ಪಾತ್ರೆಯ ಮುಚ್ಚಳವನ್ನು ತಳ್ಳಿ ಹೊರಬಂದು ಕಟ್ಟೆಯ ಮೇಲೆಲ್ಲ ಹರಡಿಕೊಂಡಿತ್ತು. ಡಚ್ಚರ ಈ ದೇಶದಲ್ಲಿ ಇದು ಸಣ್ಣ ಸುದ್ದಿಯಲ್ಲ. ವರ್ಷದ ಬಹುಪಾಲು ನಮ್ಮ ಹಿಟ್ಟು ಇಲ್ಲಿ ಹುಳಿ ಬರುವುದೇ ಇಲ್ಲ. ಒವನ್ನಿನೊಳಗೆ ದೀಪ ಹಚ್ಚಿ ಇಟ್ಟು, ಕಂಬಳಿ ಹೊದಿಸಿ, ಬಾಣಂತಿಯ ಕೂಸಿನ ಹಾಗೆ ನೋಡಿಕೊಂಡರೂ ಅದು ಮುಖ ಊದಿಸಿಕೊಂಡು ತಣ್ಣಗೆ ಕೂತಿರುತ್ತದೆ. ಜುಲೈ ತಿಂಗಳಲ್ಲಿ ಅಪ್ಪಿತಪ್ಪಿ ಬಿಸಿಲೇರಿದರೆ ಮಾತ್ರ ಹೀಗೆ ಹುಚ್ಚೆದ್ದು ಉಕ್ಕುತ್ತದೆ. ಒರೆಸುವ ಬಟ್ಟೆ ಹಿಡಿದು ಬಗ್ಗಿದೆ ನೋಡಿ, ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಬಟ್ಟೆಯನ್ನು ಅಲ್ಲಿಯೇ ಬಿಟ್ಟು ನಿಂತುಬಿಟ್ಟೆ. ಹೋದ ವರ್ಷ ಇದೇ ದಿನಗಳಲ್ಲಿ ನಾನು ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಯರ್ ಹುಡುಕಿ ಹೊರಟಿದ್ದೆ. ಅಳಿಯನಾದವನು ಅತ್ತೆಯೊಡನೆ ಮಾಡುವ ಕೆಲಸವೇ ಇದು ಎಂದು ನೀವು ಹುಬ್ಬೇರಿಸುವ ಮೊದಲು ಪೂರ್ತಿ ಕೇಳಿ.

ನಾನು ಬೆಂಗಳೂರಿನವನು. ಬಿಯರಿನ ವಿಷಯದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದುಕೊಂಡಿದ್ದವನು. ಕಾಪೆಲ್ಲೆಯಲ್ಲಿರುವ ನಮ್ಮ ಆಫೀಸಿನಲ್ಲಿ ಶುಕ್ರವಾರ ಸಂಜೆ ಎಲ್ಲರೂ ಗ್ಲಾಸು ಹಿಡಿದು ನಿಂತು ಹರಟುವ ಪದ್ಧತಿಯಿದೆ. ಆಗ ನಾನು ಗ್ಲಾಸನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಹ್ಮ್" ಎನ್ನುತ್ತಿದ್ದೆ. ಆ "ಹ್ಮ್" ಬಿಟ್ಟರೆ ನನ್ನ ಬಳಿ ಬೇರೆ ಜ್ಞಾನವೇನೂ ಇರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲವಂತೆ. ನಾನು ಪ್ರತಿ ಶುಕ್ರವಾರ ತುಳುಕುತ್ತಿದ್ದೆ.

ನನ್ನ ಹೆಂಡತಿ ವೀಣಾ ಕಾಪುವಿನ ಕಡೆಯವಳು, ಮನೆಮಾತು ತುಳು. ಅವಳ ತಂದೆ, ಅಂದರೆ ನನ್ನ ಮಾವ, ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ನಾನು ಅವರನ್ನು ಕಂಡದ್ದು ಗೋಡೆಯ ಮೇಲಿನ ಪಟದಲ್ಲಿ ಮಾತ್ರ. ದಪ್ಪ ಕನ್ನಡಕ, ನಗಲೋ ಬೇಡವೋ ಎಂಬಂಥ ತುಟಿ. ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದರಂತೆ, ಭಾನುವಾರ ಸಂಜೆ ಒಂದು ಲೋಟ ಕಳ್ಳು ಕುಡಿಯುತ್ತಿದ್ದರಂತೆ, ಎರಡನೆಯ ಲೋಟ ಮುಟ್ಟಿದವರಲ್ಲವಂತೆ. ಎಲ್ಲವೂ "ಅಂತೆ". ಅಂತೆಗಳ ಮಾವನೊಬ್ಬರು ನನಗೆ.

ಹೋದ ಬೇಸಿಗೆಯಲ್ಲಿ ಅತ್ತೆಯವರು ನ್ಯೂವೆಗೈನ್‌ನ ನಮ್ಮ ಮನೆಗೆ ಬಂದರು. ಬಂದ ಕೆಲವೇ ದಿನಗಳಲ್ಲಿ ನಮ್ಮ ಮನೆಯ ಪಾತ್ರೆಗಳೆಲ್ಲ ಜಾಗ ಬದಲಿಸಿದವು, ಪಕ್ಕದ ಮನೆಯ ಡಚ್ ಅಜ್ಜಿಯ ಜೊತೆ ಭಾಷೆಯ ಹಂಗಿಲ್ಲದ ಸ್ನೇಹವಾಯಿತು. ಆಮೇಲೆ ಒಂದು ದಿನ ಅವರು ಇದ್ದಕ್ಕಿದ್ದಂತೆ ಮಂಕಾದರು. ನಮ್ಮ ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳು ಬಂದಿತ್ತು. ತುಳುನಾಡಿನಲ್ಲಿ ಆಟಿಯಲ್ಲಿ ಮನೆಯಿಂದ ಅಗಲಿದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದೇ ಆಗಬೇಕು. ಕೋಳಿಯಾದರೆ ಕೋಳಿ, ಕಳ್ಳಾದರೆ ಕಳ್ಳು. ಬಡಿಸಿ, ಕರೆದು, ಬಾಗಿಲು ಓರೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋದ ಮೇಲೆ ನಾವು ಉಣ್ಣುವುದು. ಮಾವ ಹೋದಂದಿನಿಂದ ಅತ್ತೆ ಇದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ.

"ಅಲ್ಲಿ ಮನೆಗೆ ಬೀಗ ಹಾಕಿ ಬಂದದ್ದು. ಅವರು ಬಂದು ಬಾಗಿಲು ನೋಡಿ ಹಸಿದು ಹೋಗುದು ಬೇಡ. ಇಲ್ಲಿಯೇ ಬಡಿಸುವ," ಎಂದರು ಅತ್ತೆ.

"ಇಷ್ಟು ದೂರ ಬರ್ತಾರಾ? ವೀಸಾ ಎಲ್ಲ ಬೇಕಲ್ಲಾ ಅತ್ತೆ?" ಎಂದು ನಾನು ತಮಾಷೆ ಮಾಡಿದೆ.

"ಸತ್ತವರಿಗೆ ಎಂತ ವೀಸಾ ಮಾರಾಯ್ರೆ. ಅವರಿಗೆ ಬೇಕಾದ್ದು ಎಲೆಯಲ್ಲಿ ಇದ್ದರೆ ಆಯ್ತು, ಬರ್ತಾರೆ. ಇಲ್ಲದಿದ್ದರೆ ಪಕ್ಕದ ಬೀದಿಯಿಂದಲೂ ಬರುದಿಲ್ಲ."

ಬಾಳೆಲೆ ಏಷ್ಯದ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಕೋಳಿಗೆ ಬರವಿಲ್ಲ. ಒಣ ಅಕ್ಕಿರೊಟ್ಟಿಯ ಕಟ್ಟು ಅತ್ತೆಯ ಪೆಟ್ಟಿಗೆಯಲ್ಲಿಯೇ ಬಂದಿತ್ತು. ಉಳಿದದ್ದು ಕಳ್ಳು. ತೆಂಗಿನ ಮರವೇ ಇಲ್ಲದ ನಾಡಿನಲ್ಲಿ ಕಳ್ಳು ಎಲ್ಲಿಂದ ತರೋಣ? ನಾನು ನನ್ನ ಜ್ಞಾನವನ್ನೆಲ್ಲ ಖರ್ಚು ಮಾಡಿ ಸೂಪರ್‌ಮಾರ್ಕೆಟ್ಟಿನಿಂದ ಬಗೆಬಗೆಯ ಬಿಯರ್ ಹೊತ್ತು ತಂದೆ. ಅತ್ತೆ ಒಂದನ್ನೂ ಕುಡಿಯಲಿಲ್ಲ, ಮೂಸಿ ನೋಡಿದರು. "ಕಹಿ," ಎಂದು ಒಂದನ್ನು ಸರಿಸಿದರು. "ಇದು ಸಾಬೂನು," ಎಂದು ಇನ್ನೊಂದನ್ನು. ಬಿಳಿ ವೈನನ್ನು ಮೂಸದೆಯೇ ನನ್ನತ್ತ ತಳ್ಳಿದರು. ಆ ರಾತ್ರಿಯ ಊಟಕ್ಕೆ ಅವರು ಎರಡು ತುತ್ತಿಗಿಂತ ಹೆಚ್ಚು ತಿನ್ನಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಅವರ ಲೆಕ್ಕದಲ್ಲಿ ಇದು ಗಂಡ ಉಪವಾಸ ಬೀಳುವ ಮಾತು.

ಸೋಮವಾರ ಆಫೀಸಿನಲ್ಲಿ ಒಬ್ಬ ಗೆಳೆಯನ ಹತ್ತಿರ, ಹುಳಿಯಾದ ಬಿಯರ್ ಎಲ್ಲಾದರೂ ಸಿಗುತ್ತದೆಯೇ ಎಂದು ಸುಮ್ಮನೆ ಕೇಳಿದೆ. ಬ್ರೆಡಾ ಊರು ದಾಟಿ ಬೆಲ್ಜಿಯಮ್ಮಿನ ಗಡಿಯ ಹತ್ತಿರ ಒಬ್ಬರು ಬೆಲ್ಜಿಯಮ್ಮಿನ ಹಳೆಯ ಕ್ರಮದಲ್ಲಿ ಹುಳಿ ಬಿಯರ್ ಮಾಡುತ್ತಾರೆ, ಅದಕ್ಕೆ ಹೊರಗಿನಿಂದ ಹುದುಗು ಹಾಕುವುದೇ ಇಲ್ಲ, ಗಾಳಿಯಲ್ಲಿದ್ದದ್ದೇ ಬಿದ್ದು ಹುಳಿಯಾಗುತ್ತದೆ ಎಂದ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಯಾರೂ ಏನೂ ಹಾಕದೆ ತಾನಾಗಿ ಹುಳಿಯಾಗುವುದು! ಇದು ಕಳ್ಳಿನ ಅಣ್ಣನೋ ತಮ್ಮನೋ ಇರಲೇಬೇಕು. ವೀಣಾಳಿಗೆ ಫೋನ್ ಮಾಡಿದೆ.

"ಸೂಪರ್! ಆದ್ರೆ ನಂಗೆ ಜೈಡಾಸ್ ಆಫೀಸಲ್ಲಿ ಇಡೀ ವಾರ ಮೀಟಿಂಗ್ ಇದೆ ಕಣೋ. ನೀನೇ ಅಮ್ಮನ್ನ ಕರ್ಕೊಂಡ್ ಹೋಗು, ಪ್ಲೀಸ್," ಎಂದಳು.

ಹೀಗೆ ನಾವಿಬ್ಬರು ಹೊರಟೆವು. ಅತ್ತೆ ರೇಷ್ಮೆಯಲ್ಲದಿದ್ದರೂ ಮದುವೆಮನೆಗೆ ಉಡುವಂಥ ಸೀರೆ ಉಟ್ಟಿದ್ದರು. ದಾರಿಯುದ್ದಕ್ಕೂ ಕಾಲುವೆ, ಹಸು, ಮತ್ತೆ ಕಾಲುವೆ. ನಾನು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿದ್ದೆ.

ಅದೊಂದು ಹಳೆಯ ದನದ ಕೊಟ್ಟಿಗೆ. ಯಜಮಾನ ಪೀಟ್ ನನ್ನಷ್ಟೇ ವಯಸ್ಸಿನ, ನನಗಿಂತ ಎರಡು ಪಾಲು ಎತ್ತರದ ಮನುಷ್ಯ. ಮಾತಿಗೆ ನಿಂತರೆ ಬಿಡುವವನಲ್ಲ. ಅಟ್ಟದ ಮೇಲೆ ಕರೆದೊಯ್ದು ತಾಮ್ರದ ಅಗಲವಾದ, ಮೊಣಕಾಲುದ್ದವೂ ಇಲ್ಲದ ಕೊಪ್ಪರಿಗೆ ತೋರಿಸಿದ. ಚಳಿಗಾಲದಲ್ಲಿ ಧಾನ್ಯದ ರಸವನ್ನು ಕುದಿಸಿ ಇದರಲ್ಲಿ ಸುರಿದು, ಕಿಟಕಿಗಳನ್ನೆಲ್ಲ ತೆರೆದಿಟ್ಟು ಮಲಗಿಬಿಡುತ್ತಾನಂತೆ. ಊರಿನ ಗಾಳಿ ಬಂದು ಉಳಿದ ಕೆಲಸ ಮಾಡುತ್ತದೆ. ಬೆಳಿಗ್ಗೆ ಅದನ್ನು ಕೆಳಗಿನ ಮರದ ಪೀಪಾಯಿಗಳಿಗೆ ತುಂಬಿದರೆ, ಆಮೇಲೆ ಒಂದು ವರ್ಷವೋ ಮೂರು ವರ್ಷವೋ ಅದರ ಪಾಡಿಗೆ ಅದು. ನಾನು ಒಂದೊಂದು ಮಾತನ್ನೂ ಕನ್ನಡಕ್ಕೆ ತಂದು ಹೇಳುತ್ತಿದ್ದೆ. ಅತ್ತೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಕೆಳಗೆ ಪೀಪಾಯಿಗಳ ಕೋಣೆ. ಬಾಗಿಲು ತೆರೆದ ಕೂಡಲೇ ವಾಸನೆ! ಒದ್ದೆ ಮರ, ಹುಳಿ, ಹಣ್ಣು, ಹಳೆಯ ಉಗ್ರಾಣ. ನನ್ನ "ಹ್ಮ್" ತಾನಾಗಿ ಹೊರಬಂತು. ಗೋಡೆಯ ಬದಿಯಲ್ಲಿ ಆಗಷ್ಟೇ ಬಂದ ಹುಳಿ ಚೆರ್ರಿಯ ಬುಟ್ಟಿಗಳಿದ್ದವು. ಮೇಲಿನ ತೊಲೆಗಳಿಂದ ಪೀಪಾಯಿಗಳವರೆಗೆ ಜೇಡರಬಲೆ ದಪ್ಪಗೆ ಜೋಲುತ್ತಿತ್ತು. ಯಾರದೋ ಫೋನ್ ಬಂದು ಪೀಟ್ ಹೊರಗೆ ಹೋದ. ನಾನು ಚೆರ್ರಿಯ ಫೋಟೋ ತೆಗೆಯುತ್ತಿದ್ದೆ. ಹಿಂದಿನಿಂದ ಸರ್ ಸರ್ ಎಂಬ ಸದ್ದು ಕೇಳಿ ತಿರುಗಿದರೆ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಉದ್ದ ಕೋಲಿನ ಪೊರಕೆ ಹಿಡಿದು ಬಲೆಗಳನ್ನು ಎಳೆದು ಹಾಕುತ್ತಿದ್ದರು.

"ಅತ್ತೆ! ಏನ್ ಮಾಡ್ತಾ ಇದೀರ?"

"ಮತ್ತೆಂತ? ಅವರ ಎಲೆಗೆ ಇಡುದನ್ನು ಬಲೆಯ ಅಡಿಯಿಂದ ತೆಗೀಲಿಕ್ಕೆ ಆಗ್ತದಾ? ಪಾಪ ಆ ಹುಡುಗನಿಗೆ ಹೇಳಿಕೊಡುವವರು ಯಾರೂ ಇಲ್ಲ ಕಾಣ್ತದೆ."

ಅಷ್ಟರಲ್ಲಿ ಪೀಟ್ ಒಳಗೆ ಬಂದ. ಅವನ ಮುಖ ನೋಡಬೇಕಿತ್ತು. ಮೊದಲು ಬಿಳಿಚಿತು, ಆಮೇಲೆ ಕಿವಿಯವರೆಗೆ ಕೆಂಪಾಯಿತು. ಆ ಜೇಡಗಳು ತನ್ನ ಕೆಲಸಗಾರರು ಎಂದ. ಬೇಸಿಗೆಯಲ್ಲಿ ಚೆರ್ರಿಯ ವಾಸನೆಗೆ ನೊಣ ಮುತ್ತುತ್ತವೆ, ನೊಣ ಹೊಕ್ಕ ಪೀಪಾಯಿ ವಿನೆಗರ್ ಆಗುತ್ತದೆ, ಅದಕ್ಕೇ ಇಲ್ಲಿ ಯಾರೂ ಬಲೆ ತೆಗೆಯುವುದಿಲ್ಲ, ಅದರಲ್ಲೂ ಜುಲೈಯಲ್ಲಿ! ಭೇಟಿ ಮುಗಿಯಿತು ಎಂಬಂತೆ ಬಾಗಿಲು ಹಿಡಿದು ನಿಂತ.

ಮಾತು ಅರ್ಥವಾಗದಿದ್ದರೂ ಅತ್ತೆಗೆ ಎಲ್ಲ ಅರ್ಥವಾಯಿತು. ಪೊರಕೆಯನ್ನು ಇದ್ದ ಜಾಗದಲ್ಲಿಯೇ ಇಟ್ಟು ಸೆರಗು ಬಿಚ್ಚಿಕೊಂಡರು. ಕಣ್ಣು ತುಂಬಿತ್ತು. "ತಪ್ಪಾಯ್ತು ಅಂತ ಹೇಳಿ. ಎಂತಕ್ಕೆ ಬಂದದ್ದು ಅಂತಲೂ ಹೇಳಿ. ಒಂದು ಗ್ಲಾಸು ಸಾಕು ಅಂತ ಹೇಳಿ," ಎಂದರು.

ನಾನು ಹೇಳಿದೆ. ಬಾಳೆಲೆ, ಆಟಿ, ಬೀಗ ಹಾಕಿದ ಮನೆ, ಪಟದಲ್ಲಿರುವ ಮಾವ, ಭಾನುವಾರದ ಒಂದು ಲೋಟ. ಇಂಗ್ಲಿಷಿನಲ್ಲಿ ಹೇಳುವಾಗ ಎಲ್ಲವೂ ಹುಚ್ಚರ ಮಾತಿನಂತೆ ಕೇಳಿಸುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಪೀಟ್ ಬಾಗಿಲು ಬಿಟ್ಟು ಈಚೆ ಬಂದ.

"ಅವರು ಕುಡಿಯುತ್ತಿದ್ದದ್ದು ಏನು?"

"ಮರದ ರಸ. ಮಡಕೆಗೆ ಇಳಿಸುತ್ತಾರೆ. ಅದಕ್ಕೆ ಯಾರೂ ಏನೂ ಹಾಕುವುದಿಲ್ಲ, ಸಂಜೆಯೊಳಗೆ ತಾನೇ ಹುಳಿಯಾಗುತ್ತದೆ."

"ಒಂದೇ ದಿನದಲ್ಲಿ? ಗಾಳಿಯಿಂದ?" ಅವನ ಕಣ್ಣು ಅರಳಿತು. "ನಾನು ಇಲ್ಲಿ ಮೂರು ವರ್ಷ ಕಾಯುತ್ತೇನೆ!"

ಆಮೇಲೆ ನೋಡಿ ಅವನ ಸಂಭ್ರಮವನ್ನು. ಜೇಡ, ನೊಣ ಎಲ್ಲ ಮರೆತ. ಒಂದೊಂದೇ ಪೀಪಾಯಿಯ ಮುಂಭಾಗದಲ್ಲಿದ್ದ ಸಣ್ಣ ಮೊಳೆಯನ್ನು ಕಿತ್ತು, ಚಿಮ್ಮಿದ್ದನ್ನು ಗ್ಲಾಸಿಗೆ ಹಿಡಿದು, ಎರಡು ಕೈಯಲ್ಲಿ ಅತ್ತೆಗೆ ಕೊಟ್ಟ. ಅತ್ತೆ ಮೂಸಿದರು. "ಇದು ಎಳತು." ಮುಂದಿನದು: "ಇದಕ್ಕೆ ಮರದ ವಾಸನೆ ಜಾಸ್ತಿ." ನಾನು ಅನುವಾದ ಮಾಡುವುದೇ ತಡ, ಪೀಟ್ "ಸರಿ ಮೆಫ್ರಾವ್, ಸರಿ ಮೇಡಂ!" ಎನ್ನುತ್ತ ಮುಂದಿನ ಪೀಪಾಯಿಗೆ ಓಡುತ್ತಿದ್ದ. ಅವನ ಹಿಂದೆ ಸೀರೆಯ ನೆರಿಗೆ ಹಿಡಿದ ಅತ್ತೆ, ಅವರ ಹಿಂದೆ ನಾನು. ನಮ್ಮ ಮೂವರಿಗೂ ಚಿಕ್ಕ ಮಕ್ಕಳ ಆವೇಶ. ಹಿಂಬದಿಯ ಸಾಲಿನಲ್ಲಿ ಒಂದು ಗ್ಲಾಸನ್ನು ಮೂಗಿನ ಹತ್ತಿರ ತಂದವರು ಕೆಳಗಿಳಿಸಲೇ ಇಲ್ಲ.

"ಭಾನುವಾರ ಅವರು ಬಾಗಿಲು ತೆಗೆದು ಒಳಗೆ ಬಂದಾಗ ಹೀಗೇ ಇರ್ತಿತ್ತು," ಎಂದರು.

ಇದನ್ನು ಅನುವಾದಿಸಬೇಕಾಗಲೇ ಇಲ್ಲ. ಪೀಟ್ ಒಂದು ದೊಡ್ಡ ಬಾಟಲಿ ಹುಡುಕಿ ತೊಳೆದು ತಂದು ಅದರಲ್ಲಿ ತುಂಬಿಸಿದ.

ಆಟಿ ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಹಾಲಿನಲ್ಲಿ ಎಲೆ ಬಿತ್ತು. ವೀಣಾ ರಜೆ ಹಾಕಿದ್ದಳು. ರೊಟ್ಟಿ, ಕೋಳಿ ಗಸಿ, ಪಕ್ಕದಲ್ಲಿ ಮಸುಕು ಹಳದಿಯ ಹುಳಿ ಬಿಯರ್, ಎದುರಿಗೆ ದೀಪ. ನಾನು ಕೈಕಟ್ಟಿ ಒಂದು ಬದಿಯಲ್ಲಿ ನಿಂತಿದ್ದೆ. ನೋಡಲು ಬಂದವನ ಹಾಗೆ.

"ಕರೀರಿ," ಎಂದರು ಅತ್ತೆ, ನನ್ನ ಕಡೆ ತಿರುಗಿ.

"ನಾನಾ? ನೀವು ಕರೆಯೋದಲ್ವಾ ಅತ್ತೆ?"

"ನಮ್ಮ ಮನೆಯಲ್ಲಾದರೆ ನಾನು. ಇದು ನಿಮ್ಮ ಮನೆ. ಮನೆಯವರು ಕರೆಯದೆ ಅವರು ಯಾರ ಮನೆಗೂ ಹೋದವರಲ್ಲ."

ಜೀವಮಾನದಲ್ಲಿ ನಾನು ಯಾರನ್ನೂ ಮಾವ ಎಂದು ಕೂಗಿರಲಿಲ್ಲ. ವೀಣಾ ನನ್ನ ತೋಳು ಹಿಡಿದುಕೊಂಡಳು. "ಮಾವಾ," ಎಂದೆ. ದನಿ ಸಣ್ಣದಾಯಿತು ಎನ್ನಿಸಿ ಇನ್ನೊಮ್ಮೆ, ಮಹಡಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕರೆದೆ: "ಮಾವಾ, ಬನ್ನಿ. ಊಟಕ್ಕೆ ಬನ್ನಿ."

ಬಾಗಿಲು ಓರೆ ಮಾಡಿ ಮೂವರೂ ಹೊರಗೆ ಸೈಕಲ್ಲುಗಳ ಪಕ್ಕ ನಿಂತೆವು. ಪಕ್ಕದ ಮನೆಯ ಅಜ್ಜಿ ಬೇಲಿಯಿಂದ ಇಣುಕಿ, ಕೀಲಿ ಮರೆತು ಹೊರಗುಳಿದಿರಾ ಎಂದು ಕೇಳಿದಳು. ಇಲ್ಲ, ಒಳಗೆ ಅತಿಥಿ ಊಟ ಮಾಡುತ್ತಿದ್ದಾರೆ ಎಂದೆ. ಅತಿಥಿಯನ್ನು ಒಬ್ಬರನ್ನೇ ಬಿಟ್ಟು ನೀವೆಲ್ಲ ಬೀದಿಯಲ್ಲೇ ಎಂದು ಅವಳಿಗೆ ಆಶ್ಚರ್ಯ. ಅವರಿಗೆ ಸ್ವಲ್ಪ ಸಂಕೋಚ ಎಂದೆ. ಅಜ್ಜಿ ಕೇಳಿದ್ದೇನು ಎಂದು ಅತ್ತೆ ವಿಚಾರಿಸಿದರು, ಹೇಳಿದೆ. ಆ ಬೇಸಿಗೆಯಲ್ಲಿ ಅವರು ಅಷ್ಟು ಜೋರಾಗಿ ನಕ್ಕದ್ದು ಅದೊಂದೇ ಸಲ. ಒಳಗೆ ಹೋದ ಮೇಲೆ ಎಲೆಯ ಪಕ್ಕದ ಗ್ಲಾಸನ್ನು ಎತ್ತಿ ನನ್ನ ಕೈಗಿತ್ತರು. ಬೆಳಕಿಗೆ ಹಿಡಿಯಲಿಲ್ಲ, "ಹ್ಮ್" ಎನ್ನಲಿಲ್ಲ, ಸುಮ್ಮನೆ ಕುಡಿದೆ. ದವಡೆಯವರೆಗೆ ಜುಮ್ಮೆನ್ನಿಸುವ ಹುಳಿ. ಆಹಾ!

ಅತ್ತೆ ಈ ವರ್ಷ ಊರಿನಲ್ಲಿದ್ದಾರೆ, ಅಲ್ಲಿಯೇ ಬಡಿಸುತ್ತಾರೆ. ನಮ್ಮಲ್ಲಿ ಬೇಡವೇ ಎಂದು ವೀಣಾ ನಿನ್ನೆ ಫೋನಿನಲ್ಲಿ ಕೇಳಿದಳು. "ನಿಮ್ಮ ಇಷ್ಟ. ಅವರು ದಾರಿ ನೋಡಿಕೊಂಡಾಯ್ತಲ್ಲ," ಎಂದರಂತೆ. ಕಟ್ಟೆಯನ್ನು ಒರೆಸಿ ಮುಗಿಸಿ ಆಫೀಸಿಗೆ ಹೋದವನು ಮೊದಲು ಪೀಟ್‌ಗೆ ಫೋನ್ ಮಾಡಿದೆ, ಆಮೇಲೆ ಮ್ಯಾನೇಜರ್ ಹತ್ತಿರ ಅಮಾವಾಸ್ಯೆಯ ದಿನ ರಜೆ ಕೇಳಿದೆ. ಏನು ವಿಶೇಷ ಎಂದಳು.

"ನಮ್ಮ ಮಾವ ಬರುತ್ತಿದ್ದಾರೆ," ಎಂದೆ.

"ಓ, ಚೆನ್ನಾಯಿತು! ಎಷ್ಟು ದಿನ ಇರುತ್ತಾರೆ?"

"ಊಟ ಮಾಡಿಕೊಂಡು ಹೊರಟುಬಿಡುತ್ತಾರೆ."

ಅಷ್ಟು ದೂರದಿಂದ ಬಂದು ಅಷ್ಟೇ ಹೊತ್ತಾ ಎಂದು ಅವಳು ಮರುಗಿದಳು. ನನಗೂ ಹಾಗೆಯೇ ಅನ್ನಿಸಿತು.