ಪಾಣಿಪತ್ತಿಗೆ ಹೋದ ಮೆರೂನ್ ಸ್ವೆಟರ್

ಜನವರಿಯ ಮಂಜಿನಲ್ಲಿ ದೆಹಲಿಯ ದ್ವಾರಕಾದಿಂದ ಮೆಟ್ರೊ ಹತ್ತಿದಾಗ ನನ್ನ ಕೈಚೀಲದಲ್ಲಿ ಸುಮಿತ್ರಾಳ ಮೆರೂನ್ ಸ್ವೆಟರ್ ಇತ್ತು. ನನ್ನ ಹೆಂಡತಿ ತೀರಿಕೊಂಡ ಮೇಲೆ ಇದು ಎರಡನೆಯ ಚಳಿಗಾಲ. ಅವಳ ಮಿಕ್ಕ ಬಟ್ಟೆಗಳನ್ನೆಲ್ಲ ಕೊಟ್ಟಾಗಿತ್ತು. ತನ್ನ ಕಚೇರಿಯ ಹುಲ್ಲುಹಾಸಿನ ಮೇಲೆ, ಊಟದ ಬಿಡುವಿನ ಬಿಸಿಲಲ್ಲಿ ಕೂತು ಅವಳೇ ಹೆಣೆದ ಇದೊಂದು ಬೀರುವಿನಿಂದ ಹೊರಬರಲು ಒಪ್ಪಿರಲಿಲ್ಲ. ಅಂದರೆ ನಾನು ಒಪ್ಪಿರಲಿಲ್ಲ. ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ, ನೂಲು ತೆಗೆದು ಕಂಬಳಿ ನೇಯುತ್ತಾರೆ. ಮಗಳು ಮೇಘನಾ ಕೆಲಸದ ಮೇಲೆ ಅಲ್ಲಿಗೆ ಹೊರಟಾಗ ನಾನೂ ಹೊರಟೆ. ಅಲ್ಲಿನ ಹಳೆಬಟ್ಟೆಯ ರಾಶಿಗೆ ಇದನ್ನು ನನ್ನ ಕೈಯಾರೆ ಹಾಕಬೇಕೆಂದಿದ್ದೆ. ಅಲ್ಲಿ ಹೋದ ಮೇಲೆ ಮನಸ್ಸು ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಕಶ್ಮೀರಿ ಗೇಟಿನಲ್ಲಿ ಹರಿಯಾಣದ ಬಸ್ಸು ಸಿಕ್ಕಿತು. ತೊಂಬತ್ತು ಕಿಲೋಮೀಟರ್ ದಾರಿ, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಮುರ್ಥಲ್‌ನ ಢಾಬಾದಲ್ಲಿ ಬಸ್ಸು ನಿಂತಾಗ, ಬೆಣ್ಣೆ ಕರಗುತ್ತಿದ್ದ ಆಲೂ ಪರಾಠಾ ಮುರಿಯುತ್ತ ಮೇಘನಾ ಚೀಲದೊಳಗೆ ಇಣುಕಿದಳು.

"ಅಪ್ಪಾ, ಇದನ್ನ ಒಗೆದಿದೀರಾ? ಚಿಂದಿ ಮಾಡೋ ಮೆಷಿನ್‌ಗೆ ಹಾಕೋದನ್ನ ಕೌನ್ ಧೋತಾ ಹೈ, ಯಾರು ಒಗೀತಾರೆ! ಈ ವಾಶ್ ಕೂಡ ಕೌಂಟ್ ಆಗುತ್ತೆ, ಗೊತ್ತಾ?"

"ಕಳಿಸಿಕೊಡೋವಾಗ ಯಾರಾದ್ರೂ ಕೊಳೆಬಟ್ಟೇಲಿ ಕಳಿಸ್ತಾರೇನಮ್ಮ?" ಎಂದೆ. ಅವಳ ನಗು ನಿಂತುಹೋಯಿತು.

ಅವಳ ಕೆಲಸದ ಹೆಸರು ಜೀವನಚಕ್ರ ಮೌಲ್ಯಮಾಪನ. ಒಂದು ವಸ್ತು ಹುಟ್ಟಿದಾಗಿನಿಂದ ಕಸವಾಗುವವರೆಗೆ ಎಷ್ಟು ನೀರು ಕುಡಿಯಿತು, ಎಷ್ಟು ಕರೆಂಟು ತಿಂದಿತು, ಎಷ್ಟು ಹೊಗೆ ಬಿಟ್ಟಿತು ಎಂದು ಲೆಕ್ಕ ಹಾಕುವುದು. ವಸ್ತುಗಳ ಜಾತಕ ಬರೆಯುವವಳು ಎಂದು ನಾನು ಕಾಡಿಸುತ್ತೇನೆ.

"ಹಾಗಾದ್ರೆ ಸ್ವೆಟರಿನ ಪಾಪ ಕಂಬಳಿಗೂ ಅಂಟುತ್ತೇನು?"

"ನಹೀ ಅಪ್ಪಾ. ಕುರಿ, ಉಣ್ಣೆ, ಬಣ್ಣ, ಸಬ್ ಸ್ವೆಟರ್ ಲೆಕ್ಕಕ್ಕೇ. ಬೇಡ ಅಂತ ಕೊಟ್ಟ ಮೇಲೆ ಕಂಬಳಿದು ಝೀರೋದಿಂದ ಸ್ಟಾರ್ಟ್. ಈ ಲೆಕ್ಕಾನ ಬೇರೆ ಥರ ಹಂಚೋರೂ ಇದಾರೆ, ನಾವು ಅಲ್ಲೊಂದು ಗೆರೆ ಹಾಕ್ತೀವಿ."

"ಬೇಡ ಅನ್ನೋರು ಯಾರು?"

"ಯಾರ ಹತ್ರ ಇದೆಯೋ ಅವರೇ," ಎಂದು ಅವಳು ಮೆಲ್ಲಗೆ ಚೀಲದ ಜಿಪ್ ಎಳೆದಳು.

ಪಾಣಿಪತ್ತು ತಲುಪುವಾಗ ಎಳೆಬಿಸಿಲು ಬಂದಿತ್ತು. ಕಾರ್ಖಾನೆಯ ಅಂಗಳದಲ್ಲಿ ಹಳೆಯ ಬಟ್ಟೆಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸಿ ಗುಡ್ಡೆ ಹಾಕಿದ್ದರು. ಹೀಗೆ ಮಾಡಿದರೆ ನೂಲಿಗೆ ಮತ್ತೆ ಬಣ್ಣ ಹಾಕಬೇಕಿಲ್ಲವಂತೆ. ಉಣ್ಣೆಯ ದೂಳಿಗೆ ನನಗೆ ಸೀನು ಹತ್ತಿಕೊಂಡಿತು. ಮೇಘನಾ ಯಂತ್ರಗಳ ಕರೆಂಟಿನ ಲೆಕ್ಕ ಕೇಳಲು ಒಳಗೆ ಹೋದಳು. ನಾನು ಮೆರೂನ್ ಗುಡ್ಡೆಯ ಪಕ್ಕ, ಮೆಷಿನ್ನಿಗೆ ಹೋಗುವ ಬಟ್ಟೆಗಳ ಗುಂಡಿ ಕತ್ತರಿಸುತ್ತ ಕೂತಿದ್ದ ಕಮಲಾ ಎಂಬ ಹೆಂಗಸಿನ ಬಳಿ ನಿಂತೆ. ಕೊನೆಗೆ ಕಣ್ಣುಮುಚ್ಚಿ ಸ್ವೆಟರ್ ಅವಳ ಕೈಗೆ ಕೊಟ್ಟೆ.

ಅವಳು ಮೊದಲ ಗುಂಡಿಗೆ ಕತ್ತರಿಯಿಟ್ಟಳು.

"ಠಹರಿಯೇ!" ತಡೆಯಿರಿ ಎಂದ ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವಳು ಸ್ವೆಟರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. "ಒಂದು ತೂತೂ ಇಲ್ಲವಲ್ಲ, ಬಾಬೂಜಿ. ಯಾರದು?" ಎಂದು ಹಿಂದಿಯಲ್ಲಿ ಕೇಳಿದಳು.

"ನನ್ನ ಹೆಂಡತಿಯದು. ಅವಳಿಲ್ಲ ಈಗ."

ಕಮಲಾ ಕತ್ತರಿ ಕೆಳಗಿಟ್ಟಳು. "ಮತ್ತೆ ಮೆಷಿನ್ನಿಗೇಕೆ? ನಾನೇ ಹಾಕಿಕೊಳ್ಳಲೇ?"

ಆಗಲೆಂದು ತಲೆಯಾಡಿಸಿದೆ. ಅವಳು ಶಾಲು ತೆಗೆದಿಟ್ಟು ಸ್ವೆಟರ್ ತೊಟ್ಟು, ತೋಳು ಉದ್ದವಾಯಿತೆಂದು ಮಡಚಿಕೊಂಡಳು. ಅಷ್ಟರಲ್ಲಿ ಹೊರಬಂದ ಮೇಘನಾ ಅಲ್ಲೇ ನಿಂತುಬಿಟ್ಟಳು.

"ಇದನ್ನ ನಿನ್ನ ಲೆಕ್ಕದಲ್ಲಿ ಎಲ್ಲಿ ಸೇರಿಸ್ತೀಯಮ್ಮ?" ಎಂದು ಕೇಳಿದೆ.

"ಕಂಬಳಿ ಲೆಕ್ಕಕ್ಕೆ ಬರಲ್ಲ ಅಪ್ಪಾ," ಎಂದು ಅವಳು ಕಣ್ಣೊರೆಸಿಕೊಂಡಳು. "ಅಮ್ಮನ ಸ್ವೆಟರ್ ಇನ್ನೂ ಮುಗಿದೇ ಇಲ್ಲವಲ್ಲ. ಚಲೋ, ಬಸ್ಸಿಗೆ ಹೊತ್ತಾಯ್ತು."

ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದೆ. ಕಮಲಾ ಬಗ್ಗಿ ಕೆಲಸಕ್ಕೆ ತೊಡಗಿದ್ದಳು. ಕತ್ತರಿಸಿದ ಯಾರ ಯಾರದೋ ಗುಂಡಿಗಳು ಅವಳ ಮಡಿಲ ಮುಂದೆ ಬೀಳುತ್ತಿದ್ದವು. ಸುಮಿತ್ರಾ ಹೊಲಿದ ಗುಂಡಿಗಳನ್ನು ಮಾತ್ರ ಅವಳು ಕುತ್ತಿಗೆಯವರೆಗೂ ಹಾಕಿಕೊಂಡಿದ್ದಳು.