ಶ್ರದ್ಧಾಂಜಲಿಯ ಕೆಳಗೆ ಪುಡಿ ಡಬ್ಬಿ

ನನ್ನ ಅಕ್ಕ ಬಸವಕಲ್ಯಾಣದಲ್ಲಿ ಒಂದು ಕಂಪನಿಯ ಸಾಮಾನು ಮಾರುತ್ತಿದ್ದಳು. ಸೋಪು, ತಲೆಗೆ ಹಚ್ಚುವ ಎಣ್ಣೆ, ಪಾತ್ರೆ ತೊಳೆಯುವ ನೀರು, ಹಾಲಿನಲ್ಲಿ ಕಲಸಿ ಕುಡಿಯುವ ಶಕ್ತಿಯ ಪುಡಿ. ಅಂಗಡಿ ಇರಲಿಲ್ಲ. ಪಡಸಾಲೆಯಲ್ಲಿ ಒಂದು ಕಪಾಟು, ಕೈಯಲ್ಲೊಂದು ಫೋನು, ವಾಟ್ಸಾಪಿನಲ್ಲಿ ಹೆಂಗಸರದೊಂದು ಗ್ರೂಪು. ಆಕೆಯ ವ್ಯಾಪಾರ ಇಷ್ಟೇ. ಹುಲಸೂರು, ಮುಡಬಿ ಕಡೆಯ ಹೆಂಗಸರೂ ಆ ಗ್ರೂಪಿನಲ್ಲಿದ್ದರು. ಊರಿಗೆ ಬಂದಾಗ ಅವರೇ ಒಯ್ಯುತ್ತಿದ್ದರು, ಇಲ್ಲದಿದ್ದರೆ ಅಕ್ಕ ಗುರುತಿನ ಬಸ್ ಕಂಡಕ್ಟರನ ಕೈಯಲ್ಲಿ ಚೀಲ ಕೊಟ್ಟು ಕಳಿಸುತ್ತಿದ್ದಳು.

ನಾನು ಹುಮನಾಬಾದದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಪಿಯುಸಿ ತನಕ ಓದಿದ್ದೇನೆ. ಅಕ್ಕನ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದಾಗ ಆಕೆ ಹುಮನಾಬಾದದ ದವಾಖಾನೆಯನ್ನೇ ಆರಿಸಿಕೊಂಡಳು. ಕಾರಣ ನಾನು. ಮಷೀನಿನಿಂದ ಎದ್ದ ಮೇಲೆ ನನ್ನ ಮನೆಯಲ್ಲಿ ಮಲಗಿ, ಸಂಜೆಯ ಬಸ್ಸಿಗೆ ಕಲ್ಯಾಣಕ್ಕೆ ಹೋಗುತ್ತಿದ್ದಳು. ಒಂದು ಕೈ ಮಷೀನಿಗೆ. ಇನ್ನೊಂದು ಕೈಯಲ್ಲಿ ಫೋನು ಹಿಡಿಯಬಹುದಿತ್ತು, ಕನ್ನಡ ಬರೆಯಲು ಆಗುತ್ತಿರಲಿಲ್ಲ. ಆದ್ದರಿಂದ ಗ್ರೂಪಿಗೆ ಹಾಕಬೇಕಾದದ್ದನ್ನು ಆಕೆ ಹೇಳುತ್ತಿದ್ದಳು, ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೆ.

ಇಂಥ ವ್ಯಾಪಾರಕ್ಕೂ ಕಾಯಿದೆಗಳಿವೆ ಎಂದು ನನಗೆ ಗೊತ್ತಾದದ್ದು ಆ ಸ್ಟೂಲಿನ ಮೇಲೆ. ಕಂಪನಿಯವರು ಮಾರುವವರಿಗೆಲ್ಲ ಅವನ್ನು ಕಲಿಸುತ್ತಾರೆ. ಹೆಚ್ಚಿನವರು ತರಬೇತಿಯ ಚಹಾದ ಜೊತೆಗೇ ಅವನ್ನು ಕುಡಿದುಬಿಡುತ್ತಾರೆ. ಅಕ್ಕ ಹಾಗೆ ಮಾಡಲಿಲ್ಲ.

"ಮದಲು ನಾ ಯಾರಂತ ಹಾಕು," ಅನ್ನುತ್ತಿದ್ದಳು. "ನಾ ಕಂಪನಿ ಅಲ್ಲ, ಸ್ವತಂತ್ರ ಮಾರಾಕಿ ಅಂತ ಬರಿ."

"ಪ್ರತಿ ಸಲ ಅದೇ ಹಾಕಬೇಕೇನು? ಎಲ್ಲಾರಿಗಿ ಗೊತ್ತದಲ್ಲ?"

"ಇವತ್ತ ಹೊಸದಾಗಿ ನೋಡಾಕಿಗಿ ಹ್ಯಾಂಗ ಗೊತ್ತಾಗತದ? ಬರಿ, ವಾದ ಮಾಡಬ್ಯಾಡ. ಸೂಜಿ ನನಗ ಚುಚ್ಯಾರ, ನೀ ಯಾಕ ಚೀರ್ತಿ?"

ಪಕ್ಕದ ಹಾಸಿಗೆಯವರೂ ನಗುತ್ತಿದ್ದರು.

ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸುತ್ತಿರಲಿಲ್ಲ. ಬೇರೆಯವರ ಗ್ರೂಪಿನಲ್ಲಿ ತನ್ನ ಸಾಮಾನಿನ ಮಾತು ತೆಗೆಯುತ್ತಿರಲಿಲ್ಲ. ಗಿರಾಕಿಗಳ ಮುಖದ ಫೋಟೋ ಹಾಕುತ್ತಿರಲಿಲ್ಲ. ಒಮ್ಮೆ ಹುಲಸೂರಿನ ಹೆಂಗಸೊಬ್ಬಳು, ಪುಡಿ ಕುಡಿದು ಮೊಣಕಾಲ ನೋವು ಹೋಯಿತು ಎಂದು ಗ್ರೂಪಿನಲ್ಲಿ ಉದ್ದಕ್ಕೆ ಹೊಗಳಿ ಬರೆದಳು. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ನಾಲ್ಕೂರಿಗೆ ಹಂಚುತ್ತಿದ್ದರು. ಅಕ್ಕ ಮಷೀನಿನ ಮೇಲಿಂದಲೇ ಆಕೆಗೆ ಫೋನ್ ಹಚ್ಚಿದಳು.

"ಯವ್ವಾ, ನೋವು ಹೋಯ್ತಲ್ಲ, ಚಲೋ ಆಯ್ತು. ಆದರ ಅದನ್ನ ಅಳಿಸಿಬಿಡ್ರಿ. ಅದು ದವಾ ಅಲ್ರಿ. ನೀವು ಬರದದ್ದು ಓದಿ ಒಬ್ಬಾಕಿ ತನ್ನ ಗುಳಿಗಿ ಬಿಟ್ಟು ಇದನ್ನ ಹಿಡಿದಳಂದರ ಆ ಪಾಪ ನಿಮಗೂ ಬ್ಯಾಡ, ನನಗೂ ಬ್ಯಾಡ."

ಆ ಪುಡಿಯನ್ನು ಆಕೆಯೇ ಮುಟ್ಟುತ್ತಿರಲಿಲ್ಲ. ಕಿಡ್ನಿಯ ರೋಗಿ ತಮ್ಮನ್ನು ಕೇಳದೆ ಇಂಥವನ್ನು ಒಂದು ಚಮಚವೂ ತೆಗೆದುಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರು. ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತಿದ್ದಳು. ಹಾಗೆ ಹೇಳಿದ್ದಕ್ಕೆ ಅವಳ ವ್ಯಾಪಾರ ಕಡಿಮೆಯಾಗಲಿಲ್ಲ. ಜನ ಅವಳನ್ನು ನಂಬುತ್ತಿದ್ದದ್ದೇ ಅದಕ್ಕೆ.

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ತೀರಿಕೊಂಡಳು. ಬೆಳಿಗ್ಗೆ ಎದ್ದು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತವಳು ಹಾಗೆಯೇ ಗೋಡೆಗೆ ಒರಗಿದಳು. ಕಲ್ಯಾಣದಲ್ಲೇ ಮಣ್ಣು ಮಾಡಿದೆವು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಇನ್ನೂ ಕೈ ಏಳುವುದಿಲ್ಲ.

ಆಮೇಲಿನ ಸಂಗತಿ ಮಾತ್ರ ಬರೆಯಬಲ್ಲೆ.

ಮಾರುವವರು ಬಳಸುವ ಒಂದು ಪೋಸ್ಟರ್ ಆ್ಯಪ್ ಇದೆ. ಯುಗಾದಿ, ಬಸವ ಜಯಂತಿ, ದೀಪಾವಳಿ, ಯಾವ ದಿನವೇ ಇರಲಿ, ಅದರಲ್ಲಿ ಶುಭಾಶಯದ ಚಿತ್ರ ತಯಾರಾಗುತ್ತದೆ. ಚಿತ್ರದ ಕೆಳಗೆ ಮಾರುವವರ ಫೋಟೋ, ಫೋನ್ ನಂಬರು ಮತ್ತು ಆ ತಿಂಗಳ ಸಾಮಾನು ತಾನಾಗಿಯೇ ಬಂದು ಕೂರುತ್ತವೆ. ಅದಕ್ಕೆ ಫ್ರೇಮ್ ಅನ್ನುತ್ತಾರೆ. ಒಂದು ಸಲ ಕೂಡಿಸಿಟ್ಟರೆ ಆಯಿತು, ಯಾರೂ ತೆಗೆಯಲು ಹೋಗುವುದಿಲ್ಲ.

ಅಕ್ಕನನ್ನು ಈ ವ್ಯಾಪಾರಕ್ಕೆ ಕರೆತಂದವರು ಕಲ್ಯಾಣದವರೇ ಆದ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವರಿಗೆ ಲೀಡರ್ ಮೇಡಂ ಅನ್ನುತ್ತಾರೆ. ಮಣ್ಣಿನ ದಿನ ಅವರು ಅತ್ತದ್ದು ನಿಜವಾದ ಅಳು, ನಾನು ಕಂಡಿದ್ದೇನೆ. ಮನೆಗೆ ಹೋಗಿ ಅದೇ ಆ್ಯಪಿನಲ್ಲಿ ಅಕ್ಕನಿಗೆ ಶ್ರದ್ಧಾಂಜಲಿಯ ಚಿತ್ರ ಮಾಡಿದರು. ಮೇಲೆ ಅಕ್ಕನ ಫೋಟೋ, ಸುತ್ತಲೂ ಹೂವು. ನಡುವೆ "ವರ್ಷಗಟ್ಟಲೆ ಕಿಡ್ನಿ ರೋಗದೊಂದಿಗೆ ನಗುನಗುತ್ತಾ ಹೋರಾಡಿದ ನಮ್ಮ ಸಹೋದರಿ" ಎಂಬ ಸಾಲು. ಅದರ ಕೆಳಗೆ ಮೇಡಂ ಅವರ ನಗುಮುಖ, ಪಕ್ಕದಲ್ಲಿ ಪುಡಿ ಡಬ್ಬಿ, "ದಿನವಿಡೀ ಶಕ್ತಿ, ಇಂದೇ ಆರ್ಡರ್ ಮಾಡಿ."

ಅದನ್ನು ಅಕ್ಕನ ಗ್ರೂಪಿಗೂ ಹಾಕಿದರು. ಉಳಿದ ಮಾರುವ ಹೆಂಗಸರೂ ಅದೇ ರೀತಿ ಮಾಡಿ ಸ್ಟೇಟಸಿಗೆ ಹಾಕಿದರು. ಪ್ರತಿಯೊಬ್ಬಳ ಸ್ಟೇಟಸಿನಲ್ಲೂ ಮೇಲೆ ನನ್ನ ಅಕ್ಕ, ಕೆಳಗೆ ನಗುವ ಬೇರೊಂದು ಮುಖ, ಎಲ್ಲದರಲ್ಲೂ ಅದೇ ಡಬ್ಬಿ.

ಮಣ್ಣಿನ ಮರುದಿನ ಬೆಳಿಗ್ಗೆ ಅದನ್ನು ಮೊದಲು ನೋಡಿದ್ದು ಅಕ್ಕನ ಗಂಡ. ಫೋನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ನೋವಾಯಿತು, ನಿಜ. ಆದರೆ ದಡ್ಡತನದ ಕೆಲಸವೆಂದು ಬಿಟ್ಟುಬಿಡುತ್ತಿದ್ದೆವು, ಮಧ್ಯಾಹ್ನ ಅಕ್ಕನ ನಂಬರಿಗೆ ಫೋನ್ ಬರದಿದ್ದರೆ.

"ಅಕ್ಕೋರ ಮನ್ಯಾಗ ಯಾರರ ಮಾತಾಡಾಕತ್ತೀರೇನ್ರಿ? ನಾ ಮುಡಬಿದಿಂದ."

"ಹೌದ್ರಿ, ನಾ ಅವರ ತಂಗಿ."

"ಸುದ್ದಿ ಕೇಳಿ ಭಾಳ ಕೆಟ್ಟ ಅನಸ್ತ್ರಿ. ಏನೂ ತಿಳಕೊಬ್ಯಾಡ್ರಿ, ಇಂಥಾ ಹೊತ್ತಿನ್ಯಾಗ ಕೇಳಾಕತ್ತೇನಿ. ಅಕ್ಕೋರು ಕುಡೀತಿದ್ದ ಆ ಪುಡಿ ಮನ್ಯಾಗ ಉಳದದೇನ್ರಿ? ನಮ್ಮ ಮನಿಯವರಿಗೂ ಕಿಡ್ನೀದೇ ತ್ರಾಸ. ಡಯಾಲಿಸಿಸ್ ಶುರು ಆಗ್ಯಾದ. ಫೋಟೋದಾಗ ನೋಡಿದಾಗಿಂದ, ಆಕಿ ಪುಡಿ ಮ್ಯಾಲೇ ಅಷ್ಟು ವರ್ಷ ಬದುಕ್ಯಾಳ, ನನಗೂ ಅದೇ ತರಸು, ನಾ ಇನ್ನ ಮಷೀನಿಗಿ ಹೋಗಂಗಿಲ್ಲ ಅಂತ ಹಟ ಹಿಡದಾರ. ನಾಳಿ ಬಿಟ್ಟು ನಾಡದ ಮಷೀನಿಗಂತ ಕಲಬುರಗಿಗಿ ಹೋಗೋದದ."

ಕುಡಿಯುತ್ತಿರಲಿಲ್ಲ ಎಂದು ಹೇಳಿದೆ. ಡಾಕ್ಟರು ಬೇಡವೆಂದದ್ದನ್ನೂ ಹೇಳಿದೆ. ಆಕೆ "ಫೋಟೋದಾಗ ಹಾಕ್ಯಾರಲ್ರಿ ಮತ್ತ?" ಅಂದಳು.

ಸಂಜೆ ಲೀಡರ್ ಮೇಡಂ ಊಟದ ಡಬ್ಬಿ ಹಿಡಿದುಕೊಂಡು ನಮ್ಮನ್ನು ನೋಡಲು ಬಂದರು. ನಾನು ಹೆಚ್ಚು ಮಾತಾಡುವವಳಲ್ಲ. ಅವತ್ತು ಅವರನ್ನು ಕೂರುವುದಕ್ಕೂ ಬಿಡಲಿಲ್ಲ.

"ಮೇಡಂರೀ, ಅಕ್ಕನ ಫೋಟೋದ ಕೆಳಗ ಪುಡಿ ಡಬ್ಬಿ ಯಾಕ ಬಂತ್ರಿ?"

ಅವರು ಫೋನು ತೆಗೆದು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಅಯ್ಯ ಶಿವನೇ! ಅದು ತಾನೇ ಬರ್ತದವ್ವಾ, ಫ್ರೇಮ್ ಅದು. ನನ್ನ ಕಣ್ಣಿಗಿ ಬೀಳಲೇ ಇಲ್ಲ ನೋಡು."

"ಮಂದಿ ಕಣ್ಣಿಗಿ ಬಿದ್ದದ್ರಿ." ಮುಡಬಿಯ ಫೋನಿನ ಸಂಗತಿ ಹೇಳಿದೆ.

"ಗ್ರೂಪಿಂದು ಈಗೇ ಅಳಸ್ತೀನಿ. ಸ್ಟೇಟಸ್ ಅಂತೂ ನಾಳಿಗಿ ತಾನೇ ಹೋಗ್ತದ."

"ಅಳಸಿದರ ಸಾಕಾಗಂಗಿಲ್ರಿ. ನೋಡಿದವರ ತಲ್ಯಾಗಿಂದು ಹ್ಯಾಂಗ ಅಳಸ್ತೀರಿ? ತಪ್ಪು ಎಲ್ಲೆಲ್ಲಿ ಹೋಗ್ಯಾದ, ತಿದ್ದಿದ್ದೂ ಅಲ್ಲೆಲ್ಲ ಹೋಗಬೇಕು. ಸ್ಟೇಟಸ್ ಹಾಕಿದವರೆಲ್ಲ ಹಾಕಬೇಕ್ರಿ."

"ಹಂಗ ಬರದರ ಕಂಪನಿಯವರು ನನ್ನ ಕೇಳ್ತಾರವ್ವಾ. ಮಂದೀನೂ ನಗ್ತಾರ."

ಬಾಗಿಲ ಬಳಿ ನಿಂತಿದ್ದ ಅಕ್ಕನ ಗಂಡ ಆಗ ಬಾಯಿ ತೆರೆದರು. "ನಗಲಿ ಬಿಡ್ರಿ ಮೇಡಂ. ನಮ್ಮಾಕಿ ಸಾವಿನ ಕೆಳಗ ನಿಮ್ಮ ಹಲ್ಲು ನೋಡಿ ಮುಂಜಾನೆ ನನಗೇ ನಗಿ ಬಂತು."

ಮೇಡಂ ಅವರಿಗೆ ಆ ಮಾತು ತಾಗಿತು. ಊಟದ ಡಬ್ಬಿ ಕೆಳಗಿಟ್ಟು ನೆಲದ ಮೇಲೆ ಕೂತರು. "ಏನು ಬರೀಬೇಕು, ಹೇಳವ್ವಾ ತಂಗಿ," ಅಂದರು.

ನಾನು ಹೇಳಿದೆ, ಅವರು ಬರೆದರು. ಶ್ರದ್ಧಾಂಜಲಿಯ ಚಿತ್ರದ ಕೆಳಗೆ ಪುಡಿಯ ಜಾಹೀರಾತು ತಪ್ಪಿ ಬಂದಿದೆ. ತೀರಿಕೊಂಡವರು ಆ ಪುಡಿ ಕುಡಿಯುತ್ತಿರಲಿಲ್ಲ, ಅವರು ಡಯಾಲಿಸಿಸ್ ಮೇಲೆ ಬದುಕಿದ್ದರು. ಪುಡಿ ಔಷಧವಲ್ಲ. ಇದನ್ನು ನಂಬಿ ಯಾರೂ ಚಿಕಿತ್ಸೆ ಬಿಡಬೇಡಿ. ಕೊನೆಗೆ ಮೇಡಂ ಅವರ ಹೆಸರು, ಅದರ ಮುಂದೆ ಸ್ವತಂತ್ರ ಮಾರಾಟಗಾರ್ತಿ ಎಂದು. ಫ್ರೇಮ್ ಇಲ್ಲದೆ ಬರೀ ಅಕ್ಷರಗಳು. ಅಲ್ಲೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಹಾಕಿಸಿದರು. ಹಿಂದೆಮುಂದೆ ನೋಡಿದವರನ್ನು ಗದರಿಸಿದರು. ಆಮೇಲೆ ನನಗೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ.

ಅಕ್ಕನ ಫೋನಿನಿಂದ ನಾನೂ ಗ್ರೂಪಿಗೆ ಬರೆದೆ. ಮೊದಲ ಸಾಲು, ನಾನು ಅವರ ತಂಗಿ. ಆದರೂ ಹುಲಸೂರಿನವಳು, "ಅಕ್ಕೋರ ನಂಬರಿಲೆ ಮೆಸೇಜ್ ಬಂದಿದ್ದಕ ಕೈಯಾಗಿನ ಲಟ್ಟಣಿಗಿ ಬಿತ್ತು ನೋಡ್ರಿ," ಎಂದು ಉತ್ತರ ಬರೆದಳು.

ಮರುದಿನ ಬೆಳಿಗ್ಗೆ ಮುಡಬಿಗೆ ಫೋನ್ ಮಾಡಿದೆ. ಆ ಹೆಂಗಸು ತಿದ್ದಿದ ಮೆಸೇಜನ್ನು ಓದಿ ಗಂಡನಿಗೂ ತೋರಿಸಿದ್ದಳು. ಆತ ಹೇಳಿದರಂತೆ: "ಮದಲ ಹಾಕಿದ್ದೇ ಖರೆ. ದವಾಖಾನಿಯವರು ಬೆನ್ನು ಹತ್ತಿರಬೇಕು, ಅದಕ್ಕ ಈಗ ಮುಚ್ಚಾಕತ್ತಾರ."

ಫೋನಿನಿಂದ ಆಗಿದ್ದು ಫೋನಿನಿಂದ ಹೋಗುವಂತಿರಲಿಲ್ಲ. ಮುಡಬಿಯ ಕಡೆಗೆ ಹೊರಟ ಆಟೋದಲ್ಲಿ ಆರು ಜನರ ನಡುವೆ ತೂರಿಕೊಂಡು ಕೂತೆ. ಮನೆಯಲ್ಲಿ ಸೂತಕವಿದ್ದಾಗ ಇನ್ನೊಬ್ಬರ ಹೊಸ್ತಿಲು ತುಳಿಯಬಾರದು ಎಂದು ಪಕ್ಕದ ಮನೆಯ ಅಜ್ಜಿ ತಡೆದಿದ್ದಳು. ಲಿಂಗ ಕಟ್ಟಿಕೊಂಡ ನಮ್ಮವರಲ್ಲಿ ಸೂತಕವಿಲ್ಲ ಎಂದು ಹೇಳಿ ಹೊರಟೆ.

ಅವರದು ಹಿಟ್ಟಿನ ಗಿರಣಿ. ಆತ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಮೈ ಬಾಡಿತ್ತು, ಬಾಯಿ ಬಾಡಿರಲಿಲ್ಲ.

"ಪುಡಿ ತಂದೀರೇನ್ರಿ?"

"ಇಲ್ರಿ ಕಾಕಾ. ಬ್ಯಾಡ ಅಂತ ಹೇಳಾಕ ಬಂದೀನಿ."

"ಏ ಇಕಿನ್ನ ನೋಡೇ," ಎಂದು ಹೆಂಡತಿಯನ್ನು ಕೂಗಿದರು. "ಮಾರೋ ಮನಿಯಾಕೀನೇ ತಗೋಬ್ಯಾಡ್ರಿ ಅಂತಾಳ. ಇಂಥಾ ದುಕಾನ ಎಲ್ಲರ ನೋಡೀಯೇನು?"

"ನಿಮ್ಮ ಕೈ ತೋರಿಸ್ರಿ," ಅಂದೆ.

ಆತ ಅನುಮಾನದಿಂದಲೇ ಎಡಗೈ ಚಾಚಿದರು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಅಲ್ಲಿ ಡಾಕ್ಟರು ರಕ್ತನಾಳಗಳನ್ನು ಕೂಡಿಸಿದ್ದರು. ಉಬ್ಬಿದ ಜಾಗದ ಮೇಲೆ ಬೆರಳಿಟ್ಟೆ. ಒಳಗೆ ಸಣ್ಣಗೆ ಜುಮುಜುಮು ಓಡುತ್ತಿತ್ತು. ಅಕ್ಕನ ಕೈಯಲ್ಲೂ ಹೀಗೆಯೇ ಓಡುತ್ತಿತ್ತು. ಆಕೆ ಮಣ್ಣಾದ ದಿನದಿಂದ ನನ್ನ ಬೆರಳುಗಳು ಆ ಜುಮುಜುಮುವನ್ನು ಮುಟ್ಟಿರಲಿಲ್ಲ. ಬೆರಳು ತೆಗೆಯಲು ಕಷ್ಟವಾಯಿತು.

"ನಮ್ಮಕ್ಕ ಬದುಕಿದ್ದು ಇದರ ಮ್ಯಾಲ್ರಿ ಕಾಕಾ. ಪುಡಿ ಮ್ಯಾಲಲ್ಲ. ಪ್ರತಿ ಸಲ ಆಕಿ ಬಾಜೂಕ ನಾನೇ ಕೂತೀನಿ. ನನ್ನಕಿಂತ ಚಲೋ ಯಾರಿಗಿ ಗೊತ್ತಿರತದ?"

ಆತ ತಮ್ಮ ಕೈಯ ಮೇಲೆ ತಾವೇ ಬೆರಳಿಟ್ಟು ನೋಡಿದರು. "ಕೈಯಾಗ ಗಿರಣಿ ಓಡ್ದಂಗ ಆಗ್ತದ್ರಿ," ಅಂದರು. ಆಮೇಲೆ ಗಿರಣಿಯ ಕಡೆ ತಿರುಗಿ, "ಇದನ್ನ ಓಡಿಸಾಕ ಹೋದ ದಿನ ಆ ಗಿರಣಿ ಬಂದ್ ಆಗ್ತದ. ಮಂದಿ ಜ್ವಾಳ ಹೊತಗೊಂಡು ಬ್ಯಾರೆ ಕಡಿ ಹೋಗ್ತಾರ," ಅಂದರು.

ಅಸಲು ಸಂಗತಿ ಅದಾಗಿತ್ತು. ಪುಡಿಯೊಂದು ನೆಪ.

"ಅವತ್ತ ಗಿರಣಿ ನಾ ನಡಸ್ತೀನಿ," ಎಂದು ಒಳಗಿನಿಂದ ಹೆಂಡತಿ ಅಂದಳು.

"ನಿನಗ ಮೋಟರಿಗಿ ಪಟ್ಟಾ ಏರಸಾಕ ಬರ್ತದೇನ?"

"ಕಲಸ್ರಿ, ಬರ್ತದ. ಇಷ್ಟು ವರ್ಷ ನಿಮ್ಮನ್ನ ಸಂಭಾಳಿಸಿಲ್ಲೇನು? ಪಟ್ಟಾ ಏನು ದೊಡ್ಡದು?"

ಆತ ನಕ್ಕರು. ಆದರೂ ಹೋಗುತ್ತೇನೆ ಎನ್ನಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಹೊರಡುವಾಗ ಆಕೆ ಎರಡು ಸೋಪು ಕಳಿಸಿರಿ ಎಂದಳು. ಅಕ್ಕನ ಕಪಾಟಿನಿಂದ ಕಳಿಸುತ್ತೇನೆ ಎಂದು ಬಾಯಿಗೆ ಬಂದ ಮೇಲೆಯೇ, ಆ ಕೆಲಸ ಇನ್ನು ನನ್ನದು ಎಂದು ನನಗೆ ತಿಳಿದದ್ದು.

ಕಲಬುರಗಿಯ ದಿನ ನಾನು ಹುಮನಾಬಾದಕ್ಕೆ ಮರಳಿ ಒಂದು ಬ್ಲೌಸಿನ ತೋಳು ಕೂಡಿಸುತ್ತಿದ್ದೆ. ಫೋನು ಬಂತು. ಕಾಕಾನ ಹೆಂಡತಿ ಎಂದುಕೊಂಡೆ. ಆತನೇ.

"ಏನವ್ವಾ, ಚುಚ್ಚಿಸ್ಕೊಂಡೀನಿ ನೋಡು. ಸಮಾಧಾನ ಆಯ್ತೇನು?"

"ಆಯ್ತ್ರಿ ಕಾಕಾ. ನೋವಾಯ್ತೇನ್ರಿ?"

"ನೋವು ಬಿಡು. ನಮ್ಮಾಕಿ ಗಿರಣಿ ನಡಸಾಕಂತ ಊರಾಗೇ ಉಳದಾಳ. ಇಲ್ಲಿ ಮಾತಾಡಾಕ ಯಾರೂ ಇಲ್ಲ. ಬಾಜೂದಾಂವ ಗೊರಕಿ ಹೊಡ್ಯಾಕತ್ತಾನ. ನಾಕ ತಾಸು ಹ್ಯಾಂಗ ಕಳೀಲಿ?"

ನಾನು ಫೋನನ್ನು ಸ್ಪೀಕರಿಗೆ ಹಾಕಿ ಹೊಲಿಗೆ ಮಷೀನಿನ ಪಕ್ಕ ಇಟ್ಟುಕೊಂಡೆ.

"ಹೇಳ್ರಿ ಕಾಕಾ," ಅಂದೆ. "ನಿಮ್ಮ ಗಿರಣಿ ಕಲ್ಲು ಎಲ್ಲಿಂದ ತರಸೀರಿ?"